‘ಸೂಚನೆಯೇ ಕೊಡದೆ ಕಚ್ಚಿತು’: ನಾಯಿಯ ಮೈಮಾತನ್ನು ಓದುವಲ್ಲಿನ ದೋಷ ಪತ್ತೆ ಮತ್ತು ನಿವಾರಣೆ

ನಾಯಿ ಸಾಕಿದವರ ದೂರುಗಳು ಬಹುಮಟ್ಟಿಗೆ ನಾಲ್ಕು ಬಗೆಯವು. ‘ಯಾವ ಸೂಚನೆಯೂ ಕೊಡದೆ ಕಚ್ಚಿಬಿಟ್ಟಿತು’ ಎಂಬುದು ಮೊದಲನೆಯದು. ‘ಬಾಲ ಅಲ್ಲಾಡಿಸುತ್ತಲೇ ಮೈಮೇಲೆ ಎರಗಿತು’ ಎಂಬುದು ಎರಡನೆಯದು. ‘ನಿನ್ನೆಯವರೆಗೆ ಸರಿಯಾಗಿತ್ತು, ಇಂದು ಮುಟ್ಟಗೊಡುತ್ತಿಲ್ಲ’ ಎಂಬುದು ಮೂರನೆಯದು. ‘ತಪ್ಪು ಮಾಡಿದ್ದು ಅದಕ್ಕೇ ಗೊತ್ತು, ಮುಖ ನೋಡಿದರೆ ತಿಳಿಯುತ್ತದೆ, ಆದರೂ ಮತ್ತೆ ಅದನ್ನೇ ಮಾಡುತ್ತದೆ’ ಎಂಬುದು ನಾಲ್ಕನೆಯದು. ನಾಲ್ಕರಲ್ಲಿಯೂ ದೋಷ ನಾಯಿಯಲ್ಲಿದೆ ಎಂದು ಮೊದಲೇ ತೀರ್ಮಾನಿಸಿಕೊಂಡು ಹುಡುಕಾಟ ಶುರುಮಾಡುವುದು ವಾಡಿಕೆ. ನಾನು ಕಂಡ ಮಟ್ಟಿಗೆ ಹೇಳುವ ಕಡೆ ದೋಷವಿರುವುದು ಅಪರೂಪ. ನಾಯಿ ಹೇಳಬೇಕಾದ್ದನ್ನು ಹೇಳಿರುತ್ತದೆ, ಒಂದಲ್ಲ ನಾಲ್ಕು ಬಾರಿ ಹೇಳಿರುತ್ತದೆ, ಓದಬೇಕಾದ ನಾವು ಎಡವಿರುತ್ತೇವೆ.

ಆದ್ದರಿಂದ ನಾಯಿಯನ್ನು ತಿದ್ದುವ ಬಗೆಗಿಂತ, ಅದು ಮೈಯಿಂದ ಆಡಿದ ಮಾತು ನಮ್ಮ ಗಮನಕ್ಕೆ ಬಾರದೆ ಎಲ್ಲಿ ತಪ್ಪಿಹೋಯಿತು ಎಂದು ಹುಡುಕುವ ಕ್ರಮವನ್ನೇ ಇಲ್ಲಿ ಹೆಚ್ಚಾಗಿ ವಿವರಿಸಿದ್ದೇನೆ. ಹೆಜ್ಜೆಗಳನ್ನು ಹಿಂದುಮುಂದು ಮಾಡಬಾರದು. ನೋವಿನಿಂದ ನರಳುತ್ತಿರುವ ನಾಯಿಗೆ ಪಾಠ ಕಲಿಸಲು ಹೊರಡುವಂಥ ಅನಾಹುತಗಳೆಲ್ಲ ಹೆಜ್ಜೆ ಹಾರಿಸುವುದರಿಂದಲೇ ಆಗುವಂಥವು.

ಮೊದಲು ಬಗೆಹರಿಯಬೇಕಾದ ಅಪಾಯ

ಹಲ್ಲು ತಾಗಿ ಚರ್ಮ ತರಚಿದ್ದರೂ ಸರಿಯೇ, ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ತಡಮಾಡದೆ ವೈದ್ಯರನ್ನು ಕಾಣಬೇಕು. ಕಾರಣ ಹುಡುಕುವುದು ಆಮೇಲಿನ ಕೆಲಸ. ರೇಬಿಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವುದು ತೀರಾ ವಿರಳ, ಆದರೆ ಸಕಾಲದಲ್ಲಿ ಲಸಿಕೆ ಪಡೆದರೆ ಅದನ್ನು ತಡೆಯಬಹುದು. ನಾಯಿಯ ಸ್ವಭಾವ ಥಟ್ಟನೆ ಬದಲಾಗಿ, ಅದರ ಜೊತೆಗೆ ಜೊಲ್ಲು ಸುರಿಯುವುದು, ಕೆಳದವಡೆ ಜೋತುಬೀಳುವುದು, ನುಂಗಲಾರದೆ ಒದ್ದಾಡುವುದು, ಹಿಂಗಾಲು ತೊಡರುವುದು ಇವುಗಳಲ್ಲಿ ಯಾವುದು ಕಂಡರೂ ಈ ಕೈಪಿಡಿಯನ್ನು ಬದಿಗಿಟ್ಟು, ದೂರದಲ್ಲಿಯೇ ನಿಂತು ಪಶುವೈದ್ಯರನ್ನು ಕರೆಸಬೇಕು. ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿರಬೇಕೆಂದು ಭಾವಿಸಿ ಬಾಯೊಳಗೆ ಕೈ ಹಾಕುವುದು ಇಂಥ ಹೊತ್ತಿನಲ್ಲಿ ಜೀವಕ್ಕೇ ಎರವಾಗುವ ತಪ್ಪು.

ಒಂದನೆಯ ಹೆಜ್ಜೆ: ಘಟನೆಯಿಂದ ಹಿಂದಕ್ಕೆ ನಡೆಯುವುದು

ನೆನಪನ್ನು ನಂಬಬಾರದು. ಹಲ್ಲು ಕಂಡ ಕ್ಷಣ ಮನಸ್ಸಿನಲ್ಲಿ ಎಷ್ಟು ದಟ್ಟವಾಗಿ ಅಚ್ಚೊತ್ತುತ್ತದೆಂದರೆ, ಅದಕ್ಕಿಂತ ಮುಂಚಿನ ಅರ್ಧ ನಿಮಿಷ ಪೂರ್ತಿ ಅಳಿಸಿಹೋಗುತ್ತದೆ. ಸಾಧ್ಯವಿದ್ದರೆ ಮೊಬೈಲಿನಲ್ಲಿ ಮಾಡಿದ ವಿಡಿಯೊ ಬೇಕು, ಅದನ್ನು ವೇಗ ತಗ್ಗಿಸಿ, ಧ್ವನಿ ಮುಚ್ಚಿ ನೋಡಬೇಕು.

ನಮ್ಮ ಮನೆಯ ಒಂಬತ್ತು ವರ್ಷದ ನಾಯಿಗೆ ಮೈ ಬಾಚುತ್ತಿದ್ದಾಗ ಅದು ಒಮ್ಮೆ ಗುರ್ ಎಂದು ತಿರುಗಿತು. ‘ಏಕಾಏಕಿ’ ಎಂದು ಮನೆಮಂದಿಯೆಲ್ಲ ಒಕ್ಕೊರಲಿನಿಂದ ಹೇಳಿದೆವು. ಅದೃಷ್ಟಕ್ಕೆ ಒಬ್ಬರು ವಿಡಿಯೊ ಮಾಡುತ್ತಿದ್ದರು. ಕಾಲು ಪಾಲು ವೇಗದಲ್ಲಿ ನೋಡಿದಾಗ ಕಂಡದ್ದು ಇಷ್ಟು: ಬಾಚಣಿಗೆ ಭುಜದ ಮೇಲಿರುವಾಗ ಬಾಯಿ ಅರೆತೆರೆದು ನಾಲಗೆ ಸಡಿಲವಾಗಿ ಇಳಿಬಿದ್ದಿದೆ. ಬಾಚಣಿಗೆ ಸೊಂಟದ ಕಡೆಗೆ ಸರಿದದ್ದೇ ಬಾಯಿ ಮುಚ್ಚುತ್ತದೆ. ನಾಲಗೆಯ ತುದಿ ಮೂಗನ್ನು ಮುಟ್ಟಿ ಒಳಸೇರುತ್ತದೆ, ಅದಕ್ಕೆ ಅರೆಸೆಕೆಂಡೂ ಹಿಡಿಯುವುದಿಲ್ಲ. ತಲೆ ಗೋಡೆಯ ಕಡೆ ತಿರುಗುತ್ತದೆ, ಆದರೆ ಒಂದು ಕಿವಿ ಬಾಚುವ ಕೈಯ ಕಡೆಗೇ ಇರುತ್ತದೆ. ಬಾಚಣಿಗೆ ಮತ್ತೆ ಅದೇ ಜಾಗಕ್ಕೆ ಬಂದಾಗ ಮುಂಗಾಲೊಂದು ನೆಲದಿಂದ ಒಂದಿಷ್ಟು ಮೇಲೇಳುತ್ತದೆ. ಕಣ್ಣಂಚಿನಲ್ಲಿ ಬಿದಿಗೆಯ ಚಂದ್ರನಂತೆ ಬಿಳಿ ಕಾಣಿಸುತ್ತದೆ. ಕಡೆಗೆ ಪಕ್ಕೆಯ ಏರಿಳಿತ ನಿಲ್ಲುತ್ತದೆ. ಆಮೇಲೆ ಗುರ್. ಬಾಯಿ ಮುಚ್ಚಿದ್ದಕ್ಕೂ ಗುರ್ ಎಂದದ್ದಕ್ಕೂ ನಡುವೆ 23 ಸೆಕೆಂಡುಗಳಿದ್ದವು, ಮತ್ತು ಆ 23 ಸೆಕೆಂಡುಗಳ ಉದ್ದಕ್ಕೂ ವಿಡಿಯೊದಲ್ಲಿ ನಮ್ಮ ನಗು ಕೇಳಿಸುತ್ತದೆ. ಪಶುವೈದ್ಯರು ಪರೀಕ್ಷಿಸಿದಾಗ ಸೊಂಟದ ಕೀಲಿನಲ್ಲಿ ನೋವಿರುವುದು ಗೊತ್ತಾಯಿತು.

ತಪಾಸಣೆಯ ಮೂಲಸೂತ್ರ ಇದೇ. ಹಲ್ಲು ಕಂಡ ಕ್ಷಣದಿಂದ ಹಿಂದಕ್ಕೆ ಹೋಗುತ್ತ, ನಾಯಿ ಕೊನೆಯ ಬಾರಿ ನಿರಾಳವಾಗಿದ್ದ ಕ್ಷಣವನ್ನು ಗುರುತಿಸಬೇಕು. ಅದರ ಮರುಕ್ಷಣದಲ್ಲಿ ಏನು ಬದಲಾಯಿತೋ ಅಲ್ಲಿಯೇ ಕಾರಣವಿರುತ್ತದೆ. ವಿಡಿಯೊ ಇಲ್ಲದಿದ್ದರೆ ಯಾರು ಎಲ್ಲಿ ನಿಂತಿದ್ದರು, ಕೈ ಎಲ್ಲಿತ್ತು, ನಾಯಿಗೆ ಹೊರಟುಹೋಗಲು ದಾರಿಯಿತ್ತೇ, ಹತ್ತಿರದಲ್ಲಿ ಆಹಾರ, ಆಟಿಕೆ ಅಥವಾ ಹಾಸಿಗೆ ಇತ್ತೇ ಎಂಬುದನ್ನು ಅಂದೇ ಬರೆದಿಟ್ಟುಕೊಳ್ಳಬೇಕು.

ಎರಡನೆಯ ಹೆಜ್ಜೆ: ನೋವು ಇಲ್ಲವೆಂದು ಖಚಿತಪಡಿಸಿಕೊಳ್ಳುವುದು

‘ನಿನ್ನೆಯವರೆಗೆ ಸರಿಯಾಗಿತ್ತು’ ಎಂಬ ಮೂರನೆಯ ದೂರು ಬಂದಾಗ ಬೇರೆ ಯಾವ ವಿವರಣೆಗೂ ಮೊದಲು ಪಶುವೈದ್ಯರ ಬಳಿಗೆ ಹೋಗಬೇಕು. ಕಿವಿಯ ಸೋಂಕು, ಹಲ್ಲುನೋವು, ಕೀಲುನೋವು, ಬೆರಳುಸಂದಿಯಲ್ಲಿ ಚುಚ್ಚಿಕೊಂಡ ಮುಳ್ಳು ಇವೆಲ್ಲ ಮೊದಲು ಕಾಣಿಸಿಕೊಳ್ಳುವುದು ಸ್ವಭಾವ ಕೆಟ್ಟಂತೆ. ವಯಸ್ಸಾದ ನಾಯಿಗೆ ಕಿವಿ ಮಂದವಾಗಿದ್ದರೆ ನಿದ್ದೆಯಲ್ಲಿ ಮುಟ್ಟಿದಾಗ ಬೆಚ್ಚಿ ಬಾಯಿ ಹಾಕುವುದುಂಟು. ಅದನ್ನು ಸಿಟ್ಟೆನ್ನುವುದು ಅನ್ಯಾಯ. ಮಲಗಿದ್ದಾಗ ಉಸಿರು ಎಣಿಸಿ ನೋಡಬಹುದು: ಆರೋಗ್ಯವಂತ ನಾಯಿ ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸಾಮಾನ್ಯವಾಗಿ 10ರಿಂದ 30 ಬಾರಿ ಉಸಿರಾಡುತ್ತದೆ, ನಿದ್ದೆಯಲ್ಲಿಯೂ ಅದು ಪದೇ ಪದೇ 30 ದಾಟುತ್ತಿದ್ದರೆ ವೈದ್ಯರಿಗೆ ತಿಳಿಸಬೇಕು.

ಇಲ್ಲಿ ಒಂದು ಭಂಗಿ ವಿಶೇಷವಾಗಿ ಮೋಸ ಮಾಡುತ್ತದೆ. ಮೊಣಕೈಗಳನ್ನು ನೆಲಕ್ಕೆ ಊರಿ, ಹಿಂಭಾಗವನ್ನು ಎತ್ತಿ ನಿಲ್ಲುವುದು ಆಟಕ್ಕೆ ಕರೆಯುವ ಭಂಗಿಯೆಂದು ಎಲ್ಲರಿಗೂ ಗೊತ್ತು. ಆಟದ ಕರೆಯಾದರೆ ಅದು ಕ್ಷಣಮಾತ್ರ ಇರುತ್ತದೆ, ಮರುಕ್ಷಣ ನಾಯಿ ಅತ್ತಿತ್ತ ಜಿಗಿಯುತ್ತದೆ, ಬಾಯಿ ತೆರೆದಿರುತ್ತದೆ. ಅದೇ ಭಂಗಿಯಲ್ಲಿ ಎದುರಿಗೆ ಯಾರೂ ಇಲ್ಲದೆ, ಮುಖ ಬಿಗಿದುಕೊಂಡು, ಬಹಳ ಹೊತ್ತು ನಿಂತರೆ ಅಥವಾ ಮತ್ತೆ ಮತ್ತೆ ಹಾಗೆ ಮಾಡಿದರೆ ಅದು ಹೊಟ್ಟೆನೋವಿನ ಲಕ್ಷಣವಾಗಿರಬಹುದು. ಒಂದೇ ಆಕಾರ, ಎರಡು ಅರ್ಥ. ಬೇರ್ಪಡಿಸುವುದು ಚಲನೆ ಮತ್ತು ಸಂದರ್ಭ.

ಮೂರನೆಯ ಹೆಜ್ಜೆ: ಈ ನಾಯಿಯ ಸಹಜ ಸ್ಥಿತಿಯನ್ನು ತಿಳಿಯುವುದು

ನಾಯಿಯ ಬಾಲದ ಡೊಂಕಿನ ಬಗ್ಗೆ ಗಾದೆ ಕಟ್ಟಿದವರಿಗೆ ಒಂದು ವಿಷಯವಂತೂ ಗೊತ್ತಿತ್ತು: ಬಾಲದ ಆಕಾರ ಹುಟ್ಟಿನಿಂದ ಬರುವಂಥದ್ದು. ಗ್ರೇಹೌಂಡ್ ಸುಮ್ಮನೆ ನಿಂತಿರುವಾಗಲೂ ಬಾಲ ಹಿಂಗಾಲುಗಳ ನಡುವೆ ಇಳಿದಿರುತ್ತದೆ. ಅದನ್ನು ಭಯವೆಂದು ಓದಬಾರದು. ಪಗ್‌ನ ಬಾಲ ಬೆನ್ನ ಮೇಲೆ ಸುರುಳಿ ಸುತ್ತಿಕೊಂಡೇ ಇರುತ್ತದೆ. ಅದನ್ನು ಎದೆಗಾರಿಕೆಯೆಂದು ಓದಬಾರದು. ರೊಡೇಷಿಯನ್ ರಿಡ್ಜ್‌ಬ್ಯಾಕ್ ತಳಿಯ ಬೆನ್ನ ಮೇಲೆ ಉಲ್ಟಾ ಬೆಳೆದ ಕೂದಲಿನ ಪಟ್ಟಿ ಸದಾ ಇರುವುದರಿಂದ ಅದು ಯಾವಾಗಲೂ ರೋಮ ನಿಮಿರಿಸಿ ನಿಂತಂತೆ ತೋರುತ್ತದೆ. ಮೂತಿ ಚಪ್ಪಟೆಯಾದ ನಾಯಿಗಳ ಗೊರಗೊರ ಉಸಿರು ಬೇರೆ ನಾಯಿಗಳಿಗೂ ಗೊಂದಲ ಉಂಟುಮಾಡುತ್ತದೆ. ಬಾಲ ಕತ್ತರಿಸಿದ, ಕಣ್ಣು ಮುಚ್ಚುವಷ್ಟು ಕೂದಲು ಬೆಳೆದ, ಕಪ್ಪು ಮುಖದ ನಾಯಿಗಳಲ್ಲಿ ನಮಗೆ ಸಿಗುವ ಸುಳಿವುಗಳೇ ಕಡಿಮೆ. ಹೀಗಾಗಿ ನಾಯಿ ಮನೆಯಲ್ಲಿ ನಿಶ್ಚಿಂತೆಯಿಂದಿರುವಾಗ ಕಿವಿ, ಬಾಯಿ, ಬಾಲ ಎಲ್ಲಿರುತ್ತವೆ ಎಂದು ಎರಡು ಮೂರು ದಿನ ನೋಡಿಟ್ಟುಕೊಳ್ಳಬೇಕು. ಮುಂದೆ ಅಳೆಯಬೇಕಾದದ್ದು ಆ ಸ್ಥಿತಿಯಿಂದ ಆದ ಬದಲಾವಣೆಯನ್ನು, ಪುಸ್ತಕದ ಚಿತ್ರಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನಲ್ಲ.

ನಾಲ್ಕನೆಯ ಹೆಜ್ಜೆ: ಇಡೀ ಮೈಯನ್ನು ಒಟ್ಟಿಗೆ ಓದುವುದು

ಬಾಲವೊಂದನ್ನೇ ನೋಡುವ ಅಭ್ಯಾಸವೇ ಎರಡನೆಯ ದೂರಿನ ಮೂಲ. ಬಾಲ ಅಲ್ಲಾಡುವುದರಿಂದ ನಾಯಿ ಉದ್ರೇಕಗೊಂಡಿದೆ, ಎದುರಿನವರೊಡನೆ ವ್ಯವಹರಿಸಲು ಸಿದ್ಧವಾಗಿದೆ ಎಂಬಷ್ಟೇ ತಿಳಿಯುತ್ತದೆ; ವ್ಯವಹಾರ ಸ್ನೇಹದ್ದೋ ಜಗಳದ್ದೋ ಎಂಬುದನ್ನು ಉಳಿದ ಮೈ ಹೇಳಬೇಕು. ಸೊಂಟ ಸಮೇತ ಅಗಲವಾಗಿ, ಸಡಿಲವಾಗಿ ಬೀಸುವ ಬಾಲದ ಜೊತೆ ಮೈಯೂ ಬಳುಕುತ್ತಿದ್ದರೆ ಸಂತೋಷ. ಬಾಲ ಕಂಬದಂತೆ ಮೇಲೆದ್ದು, ತುದಿ ಮಾತ್ರ ಬಿರುಸಾಗಿ ಅದುರುತ್ತ, ಮೈಯ ಉಳಿದ ಭಾಗ ಕಲ್ಲಿನಂತಿದ್ದರೆ ಅಲ್ಲಿಗೇ ನಿಲ್ಲಬೇಕು. ಇಟಲಿಯ ಸಂಶೋಧಕರು 2007ರಲ್ಲಿ 30 ನಾಯಿಗಳನ್ನು ಪರೀಕ್ಷಿಸಿ, ಒಡೆಯನನ್ನು ಕಂಡಾಗ ಬಾಲ ನಾಯಿಯ ಬಲಕ್ಕೂ, ಅಪರಿಚಿತ ದರ್ಪದ ನಾಯಿಯನ್ನು ಕಂಡಾಗ ಎಡಕ್ಕೂ ಹೆಚ್ಚು ವಾಲುವುದನ್ನು ತೋರಿಸಿದರು. ಎಡಕ್ಕೆ ವಾಲುವ ಬಾಲವನ್ನು ನೋಡಿದ ಬೇರೆ ನಾಯಿಗಳ ಎದೆಬಡಿತ ಏರುತ್ತದೆ ಎಂಬುದು 2013ರಲ್ಲಿ ಪ್ರಕಟವಾಯಿತು. ಸೊಗಸಾದ ಸಂಗತಿಯೇ, ಆದರೆ ಬೀದಿಯಲ್ಲಿ ಎದುರಾದ ನಾಯಿಯ ಬಾಲ ಎಷ್ಟು ಡಿಗ್ರಿ ಯಾವ ಕಡೆಗೆ ಎಂದು ಲೆಕ್ಕ ಹಾಕುತ್ತ ನಿಲ್ಲುವುದನ್ನು ನಾನಂತೂ ಸಲಹೆ ಮಾಡಲಾರೆ.

ಬಾಲಕ್ಕಿಂತ ನಂಬಿಕೆಗೆ ಅರ್ಹವಾದದ್ದು ಬಾಯಿ. ಸಡಿಲವಾಗಿ ತೆರೆದ ಬಾಯಿ ಥಟ್ಟನೆ ಮುಚ್ಚಿದರೆ ನಾಯಿ ಏನನ್ನೋ ತೂಗಿ ನೋಡುತ್ತಿದೆ ಎಂದರ್ಥ. ತುಟಿಯ ಮೂಲೆ ಮುಂದಕ್ಕೆ ಬಂದು, ಮೂಗಿನ ಮೇಲೆ ನೆರಿಗೆ ಮೂಡಿ, ಮುಂದಿನ ಹಲ್ಲುಗಳು ಕಂಡರೆ ಅದು ಮುನ್ನುಗ್ಗುವ ಬೆದರಿಕೆ. ತುಟಿಯ ಮೂಲೆ ಕಿವಿಯ ಕಡೆಗೆ ಎಳೆದುಕೊಂಡು ದವಡೆ ಹಲ್ಲಿನವರೆಗೆ ಕಂಡರೆ ಅದು ಹೆದರಿದ ನಾಯಿಯ ಬೆದರಿಕೆ. ಎರಡೂ ಕಚ್ಚಬಲ್ಲವು, ಹೆದರಿದ್ದಕ್ಕೆ ದೂರ ಸಿಕ್ಕರೆ ಸಾಕು, ಬಹುತೇಕ ಅಷ್ಟಕ್ಕೇ ಮುಗಿಯುತ್ತದೆ. ಕೆಲವು ನಾಯಿಗಳು ಮೈಯೆಲ್ಲ ಬಳುಕಿಸುತ್ತ, ಕಣ್ಣು ಕಿರಿದು ಮಾಡಿಕೊಂಡು ಮುಂದಿನ ಹಲ್ಲು ತೋರಿಸಿ ಹತ್ತಿರ ಬರುತ್ತವೆ. ಅದು ಶರಣಾಗತಿಯ ಹಲ್ಲುಗಿಂಜುವಿಕೆ, ಅದಕ್ಕೆ ಹೊಡೆತ ತಿನ್ನುವ ನಾಯಿಗಳ ಬಗ್ಗೆ ನನಗೆ ಮರುಕವಿದೆ.

ಕಣ್ಣಿನ ವಿಷಯಕ್ಕೆ ಬಂದರೆ, ತಲೆ ಒಂದು ಕಡೆಗಿದ್ದು ನೋಟ ಇನ್ನೊಂದು ಕಡೆಗಿರುವಾಗ ಅಂಚಿನಲ್ಲಿ ಕಾಣುವ ಬಿಳಿ ಅಸಮಾಧಾನದ ಗುರುತು; ಮೂಳೆ ಕಚ್ಚಿಕೊಂಡ ನಾಯಿಯ ಹತ್ತಿರ ಹೋದರೆ ಇದು ಸ್ಪಷ್ಟವಾಗಿ ಕಾಣುತ್ತದೆ. ಕಣ್ಣು ಮಿಟುಕಿಸದೆ ದಿಟ್ಟಿಸುವುದು ಬೆದರಿಕೆ, ನೋಟ ತಪ್ಪಿಸುವುದು ರಾಜಿ. ಹುಬ್ಬಿನ ಒಳತುದಿಯನ್ನು ಮೇಲೆತ್ತಿ ದೈನ್ಯದಿಂದ ನೋಡುವ ನೋಟಕ್ಕೆ ಮಾತ್ರ ಬೇಗ ಮರುಳಾಗಬಾರದು: ಆ ಹುಬ್ಬನ್ನೆತ್ತುವ ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ, ತೋಳಗಳಲ್ಲಿ ಅಷ್ಟಾಗಿ ಇಲ್ಲ ಎಂದು 2019ರ ಅಂಗರಚನಾ ಅಧ್ಯಯನವೊಂದು ತೋರಿಸಿತು. ಮನುಷ್ಯರ ಮನ ಕರಗಿಸುವ ಆ ಮುಖದ ಹಿಂದೆ ದುಃಖವೇ ಇರಬೇಕೆಂದೇನೂ ಇಲ್ಲ.

ಬೆನ್ನ ಮೇಲೆ ನಿಮಿರಿದ ರೋಮ ನಮಗೆ ಚಳಿಗೋ ಪುಳಕಕ್ಕೋ ರೋಮಾಂಚನವಾಗುವಂಥದ್ದೇ. ಅದು ಉದ್ರೇಕವನ್ನು ಹೇಳುತ್ತದೆ, ಉದ್ದೇಶವನ್ನಲ್ಲ. ಆಕಳಿಕೆ, ಮೂಗು ನೆಕ್ಕುವುದು, ತುರಿಕೆಯಿಲ್ಲದೆಯೂ ಕೆರೆದುಕೊಳ್ಳುವುದು, ಏನೂ ಇಲ್ಲದ ನೆಲವನ್ನು ಮೂಸುವುದು, ಒದ್ದೆಯಾಗದಿದ್ದರೂ ಮೈ ಕೊಡವುವುದು ಇವುಗಳು ಹೊತ್ತಲ್ಲದ ಹೊತ್ತಿನಲ್ಲಿ ಕಂಡರೆ ಮಾತ್ರ ಒತ್ತಡದ ಸುಳಿವುಗಳು. ನಿದ್ದೆಯಿಂದ ಎದ್ದು ಆಕಳಿಸಿದ ನಾಯಿಗೆ ಒತ್ತಡವಿದೆ ಎನ್ನುವವರು ಅತಿಯಾಗಿ ಓದಿಕೊಂಡವರು. ಮೈ ಕೊಡವುವುದಂತೂ ಬಹುತೇಕ ಒತ್ತಡ ಮುಗಿದ ಮೇಲೆ ಬರುವಂಥದ್ದು, ಹಾಗಾಗಿ ಅದಕ್ಕೆ ಮುಂಚೆ ಏನು ನಡೆಯಿತು ಎಂದು ನೋಡಬೇಕು.

ಎಲ್ಲಕ್ಕಿಂತ ಗಂಭೀರವಾದ ಸೂಚನೆ ಸ್ತಬ್ಧತೆ. ಗದ್ದಲ ಮಾಡುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಉಸಿರು ಹಿಡಿದು ನಿಂತರೆ, ಉಣ್ಣುತ್ತಿದ್ದ ನಾಯಿ ಬಟ್ಟಲಿನ ಮೇಲೆ ತಲೆ ಬಗ್ಗಿಸಿಕೊಂಡೇ ಅಲುಗಾಡದೆ ಉಳಿದರೆ, ಮುಂದಿನದಕ್ಕೆ ಒಂದೆರಡು ಸೆಕೆಂಡುಗಳಷ್ಟೇ ಇರುತ್ತವೆ. ‘ಎಷ್ಟು ಸುಮ್ಮನೆ ನಿಂತಿದೆ ನೋಡಿ, ಮುದ್ದು ಮಾಡಿಸಿಕೊಳ್ಳುತ್ತಿದೆ’ ಎಂದು ಜನ ಸಾಮಾನ್ಯವಾಗಿ ಹೇಳುವುದು ಈ ಹೊತ್ತಿನಲ್ಲಿಯೇ.

ಬಿಡಿಬಿಡಿಯಾಗಿ ಓದಿದ್ದನ್ನು ಕೂಡಿಸಲು ಹಳೆಯದೊಂದು ಉಪಾಯವಿದೆ. ಚಾರ್ಲ್ಸ್ ಡಾರ್ವಿನ್ 1872ರಲ್ಲಿಯೇ ಗಮನಿಸಿದಂತೆ, ಹಗೆತನದಿಂದ ಬರುವ ನಾಯಿ ನೇರವಾಗಿ, ಬಿಗಿಯಾಗಿ ನಡೆಯುತ್ತದೆ. ಎದುರಿಗಿರುವವನು ತನ್ನ ಒಡೆಯನೇ ಎಂದು ತಿಳಿದ ಕ್ಷಣ ಅದರ ಮೈಯ ಪ್ರತಿಯೊಂದು ಗೆರೆಯೂ ತದ್ವಿರುದ್ಧವಾಗಿ ತಿರುಗಿ, ಬಗ್ಗಿ ಬಳುಕುತ್ತದೆ. ಹಾಗಾಗಿ ನಾನು ಕೇಳಿಕೊಳ್ಳುವ ಪ್ರಶ್ನೆಗಳು ಎರಡೇ: ಮೈಯ ಭಾರ ಮುಂಗಾಲಿನ ಮೇಲಿದೆಯೋ ಹಿಂಗಾಲಿನ ಮೇಲೋ? ಗೆರೆಗಳು ಬಾಗಿವೆಯೋ ಸೆಟೆದಿವೆಯೋ? ಭಾರ ಹಿಂದಿದ್ದು ಮೈ ಸೆಟೆದಿದ್ದರೆ ಅದು ಓಡಲು ದಾರಿ ಹುಡುಕುತ್ತಿರುವ ನಾಯಿ. ದಾರಿ ಮುಚ್ಚಿದರೆ ಕಚ್ಚುತ್ತದೆ.

ಐದನೆಯ ಹೆಜ್ಜೆ: ಸಂದರ್ಭ ಮತ್ತು ನಮ್ಮ ನಡೆ

ಒಂದು ಕಾರಣ ಸಾಲದಾದಾಗ ಕಾರಣಗಳ ರಾಶಿಯನ್ನು ಹುಡುಕಬೇಕು. ಬೆಳಿಗ್ಗೆ ಪಟಾಕಿಯ ಸದ್ದು, ಮಧ್ಯಾಹ್ನ ಮನೆ ತುಂಬ ನೆಂಟರು, ಸಂಜೆ ಉಗುರು ಕತ್ತರಿಸುವುದು: ಪ್ರತಿಯೊಂದನ್ನೂ ಬಿಡಿಯಾಗಿ ತಾಳಿಕೊಳ್ಳುವ ನಾಯಿ, ಒಂದರ ಮೇಲೊಂದು ಬಿದ್ದಾಗ ರಾತ್ರಿ ಮಗುವೊಂದು ಬಾಲ ಮುಟ್ಟಿದ್ದಕ್ಕೇ ಹಲ್ಲು ತೋರಿಸಬಹುದು. ದಾರಿಯಲ್ಲಿ ಬೇರೆ ನಾಯಿಗಳ ಮೇಲೆ ಹಾರುವ ದೂರಿದ್ದರೆ ಕೊರಳ ಹಗ್ಗವನ್ನು ನೋಡಬೇಕು. ಬಿಟ್ಟ ನಾಯಿಗಳು ಒಂದನ್ನೊಂದು ಸಂಧಿಸುವುದು ಬಳಸುದಾರಿಯಲ್ಲಿ, ಅರ್ಧಚಂದ್ರಾಕಾರದಲ್ಲಿ ಬಂದು ಪಕ್ಕದಿಂದ ಮೂಸುವುದರ ಮೂಲಕ. ಬಿಗಿಯಾಗಿ ಹಿಡಿದ ಹಗ್ಗ ಅವುಗಳನ್ನು ಮೂತಿಗೆ ಮೂತಿ ಎದುರಾಗಿಸುತ್ತದೆ, ಕತ್ತನ್ನು ಮೇಲಕ್ಕೆತ್ತಿ ಎದೆ ಮುಂದೆ ಮಾಡಿಸುತ್ತದೆ. ಹೀಗೆ ನಾಯಿ ಹೇಳಲು ಬಯಸದ ಬೆದರಿಕೆಯ ಮಾತನ್ನು ನಾವೇ ಅದರ ಮೈಯಿಂದ ಆಡಿಸುತ್ತೇವೆ.

ನಾವು ಪ್ರೀತಿಯೆಂದು ಮಾಡುವ ಕೆಲವು ನಡೆಗಳೂ ಇದೇ ಸಾಲಿನವು. ಮೇಲಿನಿಂದ ಬಾಗುವುದು, ತಲೆಯ ಮೇಲೆ ಕೈ ಇಳಿಸುವುದು, ಮುಖಕ್ಕೆ ಮುಖ ತಂದು ದಿಟ್ಟಿಸುವುದು, ತಬ್ಬಿ ಹಿಡಿಯುವುದು. ಮಕ್ಕಳನ್ನು ಕಚ್ಚುವುದು ಬಹುಮಟ್ಟಿಗೆ ಪರಿಚಯದ ನಾಯಿಗಳೇ ಎಂಬುದಕ್ಕೆ ಈ ಅಪ್ಪುಗೆಯೂ ಒಂದು ಕಾರಣ. ‘ನಮ್ಮ ನಾಯಿ ಮಗು ಏನು ಮಾಡಿದರೂ ಸಹಿಸಿಕೊಳ್ಳುತ್ತದೆ’ ಎಂದು ಹೆಮ್ಮೆಪಡುವವರು ‘ಸಹಿಸಿಕೊಳ್ಳುತ್ತದೆ’ ಎಂಬ ತಮ್ಮದೇ ಮಾತನ್ನು ಒಮ್ಮೆ ಗಮನಿಸಬೇಕು.

ತಪ್ಪಿತಸ್ಥ ಮುಖದ ದೂರು

ನಾಲ್ಕನೆಯ ದೂರಿಗೆ ಪ್ರಯೋಗವೇ ಉತ್ತರ ಕೊಟ್ಟಿದೆ. ನಾಯಿಗಳ ಅರಿವನ್ನು ಅಧ್ಯಯನ ಮಾಡುವ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ 14 ನಾಯಿಗಳೊಡನೆ ನಡೆಸಿದ ಪ್ರಯೋಗದಲ್ಲಿ, ತಿನ್ನಬಾರದೆಂದು ಹೇಳಿದ ತಿನಿಸನ್ನು ನಾಯಿ ನಿಜವಾಗಿ ತಿಂದಿತ್ತೇ ಇಲ್ಲವೇ ಎಂಬುದಕ್ಕೂ ಆ ಮುಖಕ್ಕೂ ಸಂಬಂಧ ಕಾಣಲಿಲ್ಲ. ಒಡೆಯರು ಗದರಿದಾಗಲೇ ಆ ಮುಖ ಹೆಚ್ಚಾಗಿ ಕಂಡಿತು. ಕಿವಿ ಹಿಂದಕ್ಕೊತ್ತಿ, ಬಾಲ ಇಳಿಸಿ, ಕಣ್ಣು ತಪ್ಪಿಸಿ ನಾಯಿ ಹೇಳುತ್ತಿರುವುದು ‘ನಿನಗೆ ಸಿಟ್ಟು ಬಂದಿದೆ, ಸಾಕು ಮಾಡು’ ಎಂಬುದನ್ನು. ನಮ್ಮ ಮನೆಯಲ್ಲಿ ಯಾರೋ ಲೋಟ ಒಡೆದದ್ದಕ್ಕೂ ನಾಯಿ ಮೂಲೆ ಸೇರಿ ಅದೇ ಮುಖ ಮಾಡುತ್ತದೆ.

ನಿವಾರಣೆ

ಗುರ್ ಎಂದದ್ದಕ್ಕೆ ಶಿಕ್ಷಿಸಬಾರದು ಎಂಬುದು ಮೊದಲ ಮತ್ತು ರಾಜಿಯಿಲ್ಲದ ಸೂಚನೆ. ಶಿಕ್ಷೆಯಿಂದ ಭಯವಾಗಲಿ ನೋವಾಗಲಿ ಹೋಗುವುದಿಲ್ಲ, ಗುರುಗುಟ್ಟುವುದು ಮಾತ್ರ ಹೋಗುತ್ತದೆ. ಬೆಂಕಿ ಹಾಗೇ ಉರಿಯಲು ಬಿಟ್ಟು ಎಚ್ಚರಿಕೆಯ ಗಂಟೆಯ ತಂತಿ ಕತ್ತರಿಸಿದ ಹಾಗೆ. ಮುಂದಿನ ಬಾರಿ ಅದು ನಿಜಕ್ಕೂ ಸೂಚನೆ ಕೊಡದೆ ಕಚ್ಚುತ್ತದೆ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನೂ ಈ ವಿಷಯದಲ್ಲಿ ನೆಚ್ಚಬಾರದು. ಬೊಗಳಿದ್ದು ಫಲಿಸದಿದ್ದರೆ ಕಚ್ಚುವ ನಾಯಿಗಳು ಬೇಕಾದಷ್ಟಿವೆ.

ನಾಯಿಯನ್ನು ಅಂಗಾತ ಕೆಡವಿ ‘ಒಡೆಯ ಯಾರೆಂದು ತೋರಿಸುವ’ ಚಿಕಿತ್ಸೆಯೂ ಕೂಡದು. ಅದರ ಬೇರು, ಬೋನಿನಲ್ಲಿ ಕೂಡಿಟ್ಟ ತೋಳಗಳನ್ನು ನೋಡಿ, ಹಿಂಡಿನಲ್ಲಿ ಮೇಲುಗೈಗಾಗಿ ಪೈಪೋಟಿ ನಡೆಯುತ್ತದೆ ಎಂದು 1947ರಲ್ಲಿ ಸಂಶೋಧಕ ರುಡಾಲ್ಫ್ ಶೆಂಕೆಲ್ ಬರೆದ ವಿವರಣೆಯವರೆಗೆ ಹೋಗುತ್ತದೆ. ಕಾಡಿನ ತೋಳದ ಹಿಂಡು ಸಾಮಾನ್ಯವಾಗಿ ತಂದೆತಾಯಿ ಮತ್ತು ಮರಿಗಳ ಕುಟುಂಬವೆಂದು ತೋಳಗಳ ಸಂಶೋಧಕ ಡೇವಿಡ್ ಮೆಕ್ 1999ರಲ್ಲಿ ವಿವರಿಸಿದ ಮೇಲೂ ಈ ಚಿಕಿತ್ಸೆ ಸಾಯದೆ ಉಳಿದಿರುವುದು ಆಶ್ಚರ್ಯ.

ಸೂಚನೆ ಕಂಡ ಕ್ಷಣದಲ್ಲಿ ಮಾಡಬೇಕಾದದ್ದು ಸರಳ: ಕೈ ನಿಲ್ಲಿಸುವುದು, ನೋಟ ಪಕ್ಕಕ್ಕೆ ತಿರುಗಿಸುವುದು, ಮೈಯನ್ನು ಓರೆಯಾಗಿಸಿ ದಾರಿ ಬಿಡುವುದು. ಓಡಬಾರದು, ಕೂಗಬಾರದು. ಮುಟ್ಟಿಸಿಕೊಳ್ಳಲು ಇಷ್ಟವಿದೆಯೇ ಎಂಬ ಅನುಮಾನವಿದ್ದರೆ ಎದೆಯ ಪಕ್ಕದಲ್ಲಿ ಮೂರು ಸೆಕೆಂಡು ಸವರಿ ಕೈ ಹಿಂತೆಗೆಯಬೇಕು. ನಾಯಿ ತಾನಾಗಿ ಮೈಯೊತ್ತಿ ಬಂದರೆ ಮುಂದುವರಿಸಬಹುದು; ಮೂಗು ನೆಕ್ಕಿದರೆ, ಮುಖ ತಿರುಗಿಸಿದರೆ, ಇದ್ದಲ್ಲೇ ಸೆಟೆದರೆ ಉತ್ತರ ಬಂದಾಯಿತು. ಹೊಟ್ಟೆ ತೋರಿಸಿ ಉರುಳಿದ್ದಕ್ಕೂ ಇದೇ ಪರೀಕ್ಷೆ: ಬಾಯಿ ತೆರೆದು ಮೈ ಸಡಿಲವಿದ್ದರೆ ಸವರಬಹುದು, ಬಾಲ ಹೊಟ್ಟೆಗೆ ಅಂಟಿ ಬಾಯಿ ಬಿಗಿದಿದ್ದರೆ ಅದು ‘ನನ್ನನ್ನು ಬಿಟ್ಟುಬಿಡು’ ಎಂಬ ಬೇಡಿಕೆ. ಆಮೇಲಿನ ದಿನಗಳಲ್ಲಿ ಕಾರಣವಾದ ವಸ್ತುವನ್ನೋ ವ್ಯಕ್ತಿಯನ್ನೋ ನಾಯಿಯ ಬಾಯಿ ತೆರೆದೇ ಇರುವಷ್ಟು ದೂರದಲ್ಲಿಟ್ಟು, ಅದು ಕಂಡಾಗಲೆಲ್ಲ ಇಷ್ಟದ ತಿನಿಸು ಕೊಡುತ್ತ, ದೂರವನ್ನು ನಿಧಾನವಾಗಿ ಕಡಿಮೆ ಮಾಡಬೇಕು. ಒಮ್ಮೆ ಕಚ್ಚಿ ಗಾಯ ಮಾಡಿದ ನಾಯಿಯಾದರೆ ಇದನ್ನು ಒಬ್ಬರೇ ಮಾಡದೆ, ಪ್ರಾಣಿಗಳ ನಡವಳಿಕೆ ಬಲ್ಲ ಪಶುವೈದ್ಯರ ಕಣ್ಣಳತೆಯಲ್ಲಿ ಮಾಡುವುದು ಕ್ಷೇಮ.

ದೋಷ ನಿವಾರಣೆಯಾಯಿತೇ ಎಂದು ಪರೀಕ್ಷಿಸುವುದು

ಗುರ್ ಎನ್ನುವುದು ನಿಂತಿತು ಎಂಬುದು ಪುರಾವೆಯಲ್ಲ. ಮೊದಲ ವಿಡಿಯೊದಲ್ಲಿ ಬಾಯಿ ಮುಚ್ಚಿದ ಜಾಗಕ್ಕೆ ಮತ್ತೆ ಬಂದು, ಅಲ್ಲಿ ಈಗ ಏನಾಗುತ್ತದೆ ಎಂದು ಹೊಸದಾಗಿ ಚಿತ್ರಿಸಿಕೊಂಡು ನೋಡಬೇಕು. ನಮ್ಮ ನಾಯಿಗೆ ನೋವಿನ ಔಷಧ ಶುರುವಾಗಿ, ಗಟ್ಟಿ ಹಲ್ಲಿನ ಬಾಚಣಿಗೆಯ ಬದಲು ಮೆದು ಬ್ರಷ್ಷು ಬಂದು ಎಂಟು ವಾರಗಳಾದ ಮೇಲೆ ಮತ್ತೊಮ್ಮೆ ವಿಡಿಯೊ ಮಾಡಿದೆವು. ಬ್ರಷ್ಷು ಸೊಂಟದ ಹತ್ತಿರ ಬಂದಾಗ ಬಾಯಿ ಮುಚ್ಚಿತು. ಕೈ ಅಲ್ಲಿಯೇ ನಿಂತಿತು. ನಾಯಿ ಹಿಂತಿರುಗಿ ಬ್ರಷ್ಷನ್ನು ಮೂಸಿತು, ಒಂದು ಸಲ ಮೈ ಕೊಡವಿತು, ಆಮೇಲೆ ಬಾಯಿ ತೆರೆದು ನಾಲಗೆಯನ್ನು ಪಕ್ಕಕ್ಕೆ ಇಳಿಬಿಟ್ಟುಕೊಂಡು ಕುಳಿತಿತು. ಈ ಸಲದ ವಿಡಿಯೊದಲ್ಲಿ ಯಾರ ನಗುವೂ ಇಲ್ಲ. ‘ಅಲ್ಲಿ ಬೇಡವಂತೆ, ಭುಜಕ್ಕೆ ಬಾ’ ಎಂಬ ಒಂದು ಮಾತಷ್ಟೇ ಕೇಳಿಸುತ್ತದೆ.